ಕರಿ ಎಮ್ಮಿ ಕರ್ರಗ ಇರಲಿ

ಸಿಂಧನೂರು
22 ಡಿಸೆಂಬರ್ 2024

ಅಪ್ಪಗ,

ಇಲ್ಲಿ ನಾ ಅರಾಮ ಇಲ್ಲ. ಅಲ್ಲಿ ನೀ ಅರಾಮ ಇರ್ತಿ, ಕೇಳೋ ಜರೂರತ್ತಿಲ್ಲ.

ಅಲ್ಲಾಭಕ್ಷ್ ಮಾಮಾ ನಿನ್ನೆ ಸಂಜಿ ಬಸ್ಸಿಗೆ ಪಾರ್ಸಲ್ ತಂದಿದ್ದ. ಆಸ್ಪತ್ರಿ ಡ್ಯೂಟಿ ಮುಗಿಸಿ ಸೀದಾ ಸ್ಟ್ಯಾಂಡಿಗೆ ಓಡಿದೆ. ಮನಿಗೆ ಹೋಗೂತನ ತಡಿಯಾಕ ಆಗಲಿಲ್ಲ, ಅವನ ಕಂಡಕ್ಟರ್ ಸೀಟಿನ ಬಾಜೂಕ ನಿಂತೇ ಬಿಚ್ಚಿದೆ. ನಿನ್ನ ಸ್ಟುಡಿಯೊಕ್ಕ ಹನ್ನೆರಡು ಫೋಟೊದ ಫೈಲ್ ಕಳಿಸಿದ್ದೆ, ಹನ್ನೆರಡು ಪ್ರಿಂಟ್ ಬಂದಾವ. ಆದ್ರ ಅವು ನನ್ನವಲ್ಲ.

ಎಮ್ಮಿಗೆ ಯಾರಾದ್ರೂ ಪೌಡರ್ ಬಡೀತಾರೇನಪ್ಪ?

ಕಾಲುವಿ ನೀರಾಗ ಮೂಗು, ಕೋಡು, ಬೆನ್ನು ಇಷ್ಟ ಹೊರಗಿಟ್ಟು ಮಲಗಿದ್ದ ಕರಿ ಎಮ್ಮಿ ಈಗ ಚಹಾದ ಬಣ್ಣಕ್ಕ ಬಂದೈತಿ. ಸಸಿ ಹಚ್ಚೋ ಹೆಣ್ಮಗಳ ಕೈಗೆ ಮೊಣಕೈತನ ಕೆಸರಿತ್ತು, ನೀ ತೊಳದು ಕಳಿಸೀದಿ. ಕರೆಂಟಿನ ತಂತಿ ಅಳಿಸೀದಿ, ತಂತಿ ಮ್ಯಾಲೆ ಕುಂತಿದ್ದ ಹಕ್ಕಿ ಹಂಗ ಬಿಟ್ಟೀದಿ. ಅದು ಪಾಪ ಖಾಲಿ ಗಾಳ್ಯಾಗ ಕುಂತೈತಿ. ಬೆಳ್ಳಕ್ಕಿ ಏಳು ಇದ್ದವು, ಹನ್ನೊಂದು ಆಗ್ಯಾವ, ಅದರಾಗ ನಾಕು ಒಂದ ಕಡಿಗೆ ಒಂದ ನಮೂನಿ ಕುತ್ತಿಗಿ ತಿರುವ್ಯಾವ. ಮಂಜು ಮುಸುಕಿದ ಆಕಾಶ ತಗದು ನೀಲಿ ಆಕಾಶ ಹಾಕೀದಿ. ಆ ಮೋಡ ನನಗ ಗುರ್ತು ಐತಿ. ಲಿಂಗಸುಗೂರಿನ ಅರ್ಧ ಮದುವಿ ಆಲ್ಬಮ್ಮಿನ್ಯಾಗ ಅವ ಮೋಡ ಅದಾವ.

ಫೆಬ್ರುವರಿ ಹದಿನಾರಕ್ಕ ಮಸ್ಕಿಯಾಗ ಪ್ರದರ್ಶನ. ನನ್ನ ಜನ್ಮದಾಗ ಮೊದಲನೇದು. ಅಲ್ಲಿ ಕಾಲೇಜಿನ ಕಹಕಶಾ ಮೇಡಂ ನನ್ನ ನಂಬಿ ಇಡೀ ಹಾಲ್ ಬಿಟ್ಟುಕೊಟ್ಟಾರ. ಕೆಸರು, ನೀರು, ಎಮ್ಮಿ, ಹಕ್ಕಿ ಇವಕ್ಕೆಲ್ಲಾ ನಾ ಹೇಳೋ ಶರಣು ಅದು. ಅಲ್ಲಿ ಈ ಚಹಾ ಬಣ್ಣದ ಎಮ್ಮಿ ಹಚ್ಚಲೇನು?

ಫೋನ್ ಮಾಡಿದ್ರ "ಗಿರಾಕಿ ಬಂದ್ರವ್ವ" ಅಂತ ಇಟ್ಟುಬಿಡ್ತಿ. ಅದಕ್ಕ ಬರದೀನಿ. ಫೈಲ್ ನಿನ್ನ ಹತ್ರ ಅದಾವ. ಮತ್ತ ಹೊಡಿ. ಏನೂ ಮುಟ್ಟಬ್ಯಾಡ.

ನಿನ್ನ ಮಗಳು
ಪಂಪಾವತಿ


ಲಿಂಗಸುಗೂರು
25 ಡಿಸೆಂಬರ್ 2024

ಪಂಪವ್ವಗ,

ಅಲ್ಲಾಭಕ್ಷ್ ನಿನ್ನ ಪಾಕೀಟು ಕೊಡುವಾಗ "ಬಿಸಿ ಐತಿ ಅಣ್ಣಾ, ನೋಡಿ ಹಿಡಿ" ಅಂದ. ಅಂದ್ರ ಸ್ಟ್ಯಾಂಡಿನ್ಯಾಗ ನಿಂತು ಅಪ್ಪನ ಮರ್ಯಾದಿ ಎಷ್ಟು ತಗದೀದಿ ಅಂತ ತಿಳೀತು.

ಮೂವತ್ತು ವರ್ಷಾತು ಸ್ಟುಡಿಯೊ ಇಟ್ಟು. ಮೂಗು ದಪ್ಪ ಬಂದೈತಿ ಅಂತ ಜಗಳಕ್ಕ ಬಂದಾರ. ಕಣ್ಣು ಮುಚ್ಚೇತಿ ಅಂತ ಬಂದಾರ. ಬ್ಯಾಡಾದ ಬೀಗರ ಬಾಜೂಕ ಯಾಕ ನಿಲ್ಲಿಸಿದಿ ಅಂತ ಬಂದಾರ. ಫೋಟೊ ಚಂದ ಆಗೇತಿ ಅಂತ ಜಗಳಕ್ಕ ಬಂದಾಕಿ ನೀನ ಮೊದಲು.

ತಂತಿ ಅಳಿಸಿದ್ದು ಯಾಕಂದ್ರ ತಂತಿ ನೋಡಾಕ ಅಸಹ್ಯ. ಬೆಳ್ಳಕ್ಕಿ ಹೆಚ್ಚ ಮಾಡಿದ್ದು ಯಾಕಂದ್ರ ಎಡಗಡಿ ಬರೇ ಕೆಸರ ಇತ್ತು. ಆಕಾಶದ ಮಾತು ಬಿಡು, ಅದು ಆಕಾಶ ಅಲ್ಲ, ಒಗದು ಒಣಗಲಾರದ ಧೋತರ. ಎಮ್ಮಿದು ಏನು ಹೇಳಲಿ, ಮಸಿ ಸುರುವಿದಂಗ ಕಂಡಿತು. ಪ್ರಿಂಟಿನ ಬೆನ್ನಿಗೆ ನನ್ನ ಸ್ಟುಡಿಯೊ ಮುದ್ರಿ ಇರ್ತೈತಿ. ಇಷ್ಟು ಕರ್ರಗ ಹೊಡದ್ರ ಮಂದಿ "ಅಂಬಪ್ಪನ ಮೆಷಿನ್ ಕೆಟ್ಟೈತಿ" ಅಂತಾರ. ನಿನ್ನ ಕಲಾ ನೋಡಾಂಗಿಲ್ಲ ಯಾರೂ, ನನ್ನ ಇಂಕು ನೋಡ್ತಾರ.

ಕೆಸರು ಮಂದಿ ದಿನಾ ತುಳೀತಾರ. ಎಮ್ಮಿ ದಿನಾ ನೋಡ್ತಾರ. ಗ್ವಾಡಿಗೆ ಹಚ್ಚಬೇಕಂದ್ರ ಒಂದೀಟು ಸುಧಾರಿಸಿ ಹಚ್ಚಬೇಕಾಗ್ತೈತಿ. ಇದು ನಿನಗ ಕಲಿಸಬೇಕೇನು? ಸಣ್ಣಾಕಿ ಇದ್ದಾಗ ನನ್ನ ಲೈಟಿನ ಛತ್ರಿ ಹಿಡಕೊಂಡು ಎಷ್ಟು ಮದುವಿ ತಿರುಗೀದಿ.

ನಿಮ್ಮವ್ವ ಶೇಂಗಾ ಚಟ್ನಿ ಕಳಿಸ್ಯಾಳ. ಫೋಟೊದ ಜೋಡಿ ಇಟ್ಟಿಲ್ಲ, ಬ್ಯಾರೆ ಕಟ್ಟೀನಿ. ಆಕಿಗೆ ನಿನ್ನ ಕಾಗದ ಓದಿ ಹೇಳಿದೆ. "ಎಮ್ಮಿ ನೋಡಿದ್ರ ಎಮ್ಮಿ ಅನಿಸಬೇಕಲ್ಲ" ಅಂದು ಒಳಗ ಹೋದ್ಲು. ತಾಯಿ ಮಗಳು ಕೂಡೇ ಮಾತಾಡಿಕೊಂಡೀರೇನು?

ಅಂಬಪ್ಪ


ಸಿಂಧನೂರು
29 ಡಿಸೆಂಬರ್ 2024

ಅಪ್ಪಗ,

ಚಟ್ನಿ ಮುಟ್ಟಿತು. ಅವ್ವಗ ಹೇಳು.

ಇವತ್ತ ಒಂದು ಮಾತು ಖರೇನ ಬರೀತೀನಿ. ಎದುರಿಗೆ ಹೇಳಾಕ ಎರಡು ವರ್ಷ ಆಗಿಲ್ಲ ನನ್ನ ಕೈಲೆ.

ಮಾನ್ವಿ ಕಡಿಯವರು ನನ್ನ ನೋಡಾಕ ಬಂದಿದ್ರಲ್ಲ, ನೆನಪೈತಿಲ್ಲೋ. ನೀ ಮುಂಚೇನೆ ಫೋಟೊ ಕಳಿಸಿದ್ದಿ. ನಿನ್ನ ಸ್ಟುಡಿಯೊದಾಗ ತಗದದ್ದು, ನಿನ್ನ ಕೈಲೇ ಸುಧಾರಿಸಿದ್ದು. ಆ ಫೋಟೊದಾಗ ನಾ ಹಾಲಿನ್ಯಾಗ ಅದ್ದಿ ತಗದಂಗ ಇದ್ದೆ. ನಾ ಚಹಾ ತಂದು ಇಟ್ಟೆ. ಹುಡುಗನ ಅಕ್ಕ ನನ್ನ ಮ್ಯಾಲಿಂದ ಕೆಳಗ ನೋಡಿ ಅಂದ್ಲು, "ಚಹಾ ಸಾಕ್ರಿ, ಫೋಟೊದಾಗಿನ ಹುಡಿಗೀನ ಕರೀರಿ." ಆಕಿ ಚಾಷ್ಟಿ ಮಾಡಲಿಲ್ಲ ಅಪ್ಪ. ಖರೇನ ಕೇಳಿದ್ಲು. ನಾ ಮನಿ ಕೆಲಸದಾಕಿ ಅಂತ ತಿಳಿದಿದ್ಲು.

ಆಗ ನೀ ನಕ್ಕಿ. ನಕ್ಕೋಂತ "ಬಿಸಿಲಿಗೆ ತಿರುಗಿ ಹಿಂಗಾಗ್ಯಾಳ್ರಿ, ಮೂಲ ಬಣ್ಣ ಅದ ಐತಿ" ಅಂದಿ.

ಅವರು ಅಂದದ್ದು ಮರತೀನಿ. ನೀ ಅಂದದ್ದು ಮರಿಯಾಕ ಆಗವಲ್ದು. ಹುಟ್ಟಿದ ದಿನದಿಂದ ನೋಡಿದಾವ ನೀನು. ನನ್ನ ಮೂಲ ಬಣ್ಣ ಯಾವುದು ಅಂತ ನಿನಗ ಗೊತ್ತಿಲ್ಲೇನು?

ಅವತ್ತ ರಾತ್ರಿನ ಸಿಂಧನೂರಿಗೆ ಬಂದೆ. ಮರುದಿನ ಮುಂಜಾಲೆ ಡ್ಯೂಟಿಗೆ ಹೋಗಲಿಲ್ಲ. ಸ್ಕೂಟಿ ತಗೊಂಡು ಬಂಗಾಲಿ ಮಂದಿ ಇರೋ ಆರ್.ಎಚ್. ಕ್ಯಾಂಪಿನ ಹಿಂದಿನ ಕಾಲುವಿ ದಂಡಿಗೆ ಹೋಗಿ ಕುಂತು ಅತ್ತೆ. ಅಳೋಮುಂದ ಒಂದು ಎಮ್ಮಿ ನೀರಿಗೆ ಇಳೀತು. ಸಾಲ್ಯಾಗ ನನ್ನ ಎಲ್ಲಾರೂ ಎಮ್ಮಿ ಅಂತಿದ್ರು, ಅದಕ್ಕ ಅದರ ಮ್ಯಾಲೂ ಸಿಟ್ಟು ಬಂತು. ಆದ್ರ ಬಿಸಿಲು ಎದ್ದು ಅದರ ತೊಯ್ದ ಬೆನ್ನ ಮ್ಯಾಲೆ ಬಿತ್ತು ನೋಡು, ನನ್ನ ಅಳು ನಿಂತುಬಿಟ್ಟಿತು. ಅಷ್ಟು ಬೆಳಕು ನಾ ಯಾವ ಬಿಳಿ ವಸ್ತುವಿನ ಮ್ಯಾಲೂ ನೋಡಿದ್ದಿಲ್ಲ. ನನ್ನ ಕೈ ನೋಡಿಕೊಂಡೆ. ಅದ ಬಣ್ಣ, ಅದ ಬಿಸಿಲು. ಆ ಎಮ್ಮಿಗೆ ನಾ ಕೈ ಮುಗದೀನಿ, ನಗಬ್ಯಾಡ. ಅವತ್ತಿಂದ ಕ್ಯಾಮೆರಾ ತಗೊಂಡು ರವಿವಾರಕ್ಕೊಮ್ಮೆ ಅಲ್ಲಿಗೆ ಹೋಗಾಕತ್ತೀನಿ. ದಿನಾ ಎಂಟು ತಾಸು ಕತ್ತಲ ಖೋಲ್ಯಾಗ ಮಂದಿ ಎಲುಬಿನ ಎಕ್ಸರೇ ತಗದು ತಗದು ಸಾಕಾಗಿರ್ತೈತಿ, ಅಲ್ಲಿ ಹೋದ್ರ ಉಸಿರು ಬರ್ತೈತಿ.

ಈಗ ತಿಳೀತೇನು? ರಾಯಚೂರಿನ್ಯಾಗ ಪ್ರಿಂಟ್ ಹೊಡಿಸೋದು ನನಗ ದೊಡ್ಡದಲ್ಲ. ಎಮ್ಮಿ ನಿನ್ನ ಕೈಲೆ ಕರ್ರಗ ಬರಬೇಕು ಅಂತ ನನ್ನ ಹಟ. ಒಮ್ಮೆ. ಒಂದ ಒಮ್ಮೆ.

ಪಂಪಾವತಿ


ಲಿಂಗಸುಗೂರು
2 ಜನವರಿ 2025

ಪಂಪವ್ವಗ,

ಕಾಗದ ಮುಟ್ಟಿತು.

ಹನ್ನೆರಡೂ ಫೋಟೊ ಮತ್ತ ಹೊಡದೀನಿ. ತಂತಿ ಐತಿ. ಬೆಳ್ಳಕ್ಕಿ ಏಳ ಅದಾವ. ಕೆಸರೂ ಐತಿ. ನಿಮ್ಮವ್ವನ ಆಣಿ, ಏನೂ ಮುಟ್ಟಿಲ್ಲ.

ಇಲ್ಲಿ ಥಂಡಿ ಭಾಳ ಐತಿ. ಸ್ವೆಟರ್ ಹಾಕ್ಕೋ.

ಅಂಬಪ್ಪ


ಸಿಂಧನೂರು
5 ಜನವರಿ 2025

ಅಪ್ಪಗ,

ಅವ್ವನ ಆಣಿ ಯಾಕ ಮಾಡಿದಿ? ಆಕಿ ಏನು ಪಾಪ ಮಾಡ್ಯಾಳ?

ಎಮ್ಮಿ ಚಹಾದಿಂದ ಕಾಫಿಗೆ ಬಂದೈತಿ, ಅಷ್ಟ. ಸಸಿ ಹಚ್ಚೋ ಕೈ ಇನ್ನೂ ಬೆಳ್ಳಗ ಐತಿ. ಗದ್ದಿ ಮಣ್ಣು ನಮ್ಮ ಕರಿ ಎರಿ ಮಣ್ಣಲ್ಲ, ಎಲ್ಲಿಂದೋ ತಂದು ಸುರುವಿದಂಗ ಐತಿ. ನನ್ನ ಕಂಪ್ಯೂಟರಿನ್ಯಾಗ ಒಂದು ಬಣ್ಣ, ನಿನ್ನ ಪ್ರಿಂಟಿನ್ಯಾಗ ಇನ್ನೊಂದು. ನನಗ ಕಣ್ಣಿಲ್ಲ ಅಂತ ತಿಳಿದೀಯೇನು?

ಅಷ್ಟೆಲ್ಲಾ ಬಿಚ್ಚಿ ಬರದೆ. ಅದಕ್ಕ ನೀ ಕೊಟ್ಟ ಜವಾಬು ಸ್ವೆಟರ್ ಹಾಕ್ಕೋ. ಮುಟ್ಟಿಲ್ಲ ಅಂತ ಮುಟ್ಟಿ ಕಳಿಸೋದಕ್ಕಿಂತ, ಆಗಾಂಗಿಲ್ಲ ಅಂದಿದ್ರ ನಡೀತಿತ್ತು.

ಇನ್ನ ಕಳಿಸೋದು ಬ್ಯಾಡ. ರಾಯಚೂರಿಗೆ ಕೊಡ್ತೀನಿ. ಅವರಿಗೆ ನಾ ಮಗಳಲ್ಲ, ಸುಧಾರಿಸೋ ಉಸಾಬರಿ ಇರಾಂಗಿಲ್ಲ.

ಪಂಪಾವತಿ


ಲಿಂಗಸುಗೂರು
19 ಜನವರಿ 2025

ಪಂಪವ್ವಗ,

ಹದಿನಾಕು ದಿನ ಸುಮ್ಮನ ಇದ್ದೆ. ಸಿಟ್ಟು ಬಂದಿತ್ತು. ನಾ ಸುಳ್ಳ ಹೇಳಿದ್ದಿಲ್ಲ, ನೀ ಸುಳ್ಳಾ ಅಂದಿ. ಕಡೀಗೆ ನಿನ್ನ ಸುಳ್ಳಿ ಮಾಡಬೇಕು ಅಂತ ಹಟಕ್ಕ ಬಿದ್ದು ಕಂಪ್ಯೂಟರ್ ಮುಂದ ಕುಂತೆ.

ನೀ ಸುಳ್ಳಿ ಆಗಲಿಲ್ಲ.

ಹದಿನೈದು ವರ್ಷದ ಹಿಂದ ಈ ಕಂಪ್ಯೂಟರ್ ಕೂಡಿಸಿದಾಗ ಒಂದು ಸೆಟ್ಟಿಂಗ್ ಮಾಡಿಸಿದ್ದೆ. ಅದರಾಗ ಯಾವ ಫೋಟೊ ತಗದ್ರೂ ಅದು ತಾನ ಒಂದು ಪದರ ಬೆಳ್ಳಗ ಮಾಡಿ ತೋರಸ್ತೈತಿ, ಪ್ರಿಂಟೂ ಹಂಗ ಬರ್ತೈತಿ. ಮದುವಿ ಸೀಜನ್ನಿನ್ಯಾಗ ಒಂದೊಂದ ಮುಖಕ್ಕ ಕುಂದ್ರಾಕ ಪುರ್ಸೊತ್ತು ಇರತಿದ್ದಿಲ್ಲ, ಅದಕ್ಕ. ಆಮ್ಯಾಲೆ ಅದರ ಮ್ಯಾಲೆ ಕೈಲೆ ಇನ್ನೊಂದು ಪದರ ಹಾಕ್ತಿದ್ದೆ. ಮೊದಲಿಂದು ಮರತುಬಿಟ್ಟಿದ್ದೆ. ಖರೇನ ಮರತಿದ್ದೆ ಪಂಪಾ. ನನ್ನ ಕಣ್ಣಿಗೆ ಅದ ಇದ್ದದ್ದು ಅನ್ನೋಹಂಗ ಆಗಿಬಿಟ್ಟಿತ್ತು.

ಪರೀಕ್ಷಾ ಮಾಡಾಕ ನಿಮ್ಮವ್ವಂದು ಒಂದು ಫೋಟೊ ಹೊಡದು ಕಂಪ್ಯೂಟರಿನ್ಯಾಗ ತಗದೆ. ಕಣ್ಣ ಮುಂದ ಬೆಳ್ಳಗಾತು. ಆಕಿ ಬಾಜೂಕ ನಿಂತಿದ್ಲು. ಸ್ಕ್ರೀನ್ ನೋಡಿದೆ, ಆಕಿ ಮುಖ ನೋಡಿದೆ. ನಿಮ್ಮವ್ವ ಗದ್ದೆಮ್ಮನ ಮುಖ ಹಿಂಗ ನಿಟ್ಟಿಸಿ ನೋಡಿ ಎಷ್ಟು ವರ್ಷ ಆಗಿತ್ತೋ. "ಏನ್ ನೋಡ್ತಿ, ಹೊಸಬಳ ನೋಡಿದಂಗ" ಅಂದ್ಲು.

ಈಗ ಒಂದು ಹಳೀ ಮಾತು ಹೇಳ್ತೀನಿ. ನಿಮ್ಮವ್ವಗೂ ಹೇಳಿಲ್ಲ. ಸ್ಟುಡಿಯೊ ಇಟ್ಟ ಹೊಸತು. ನಮ್ಮ ಕೇರಿಯಾಂವ ಬಜಾರಿನ್ಯಾಗ ಅಂಗಡಿ ಇಟ್ಟಾನ ಅಂತ ಮಂದಿ ನೋಡಾಕ ಬರತಿದ್ರು, ಫೋಟೊ ತೆಗಿಸಾಕ ಅಲ್ಲ. ಒಬ್ಬ ಸಾವುಕಾರ ಮಗಳ ಕರಕೊಂಡು ಬಂದ. ಆ ಹುಡಿಗಿ ಕರ್ರಗ ಲಕ್ಷಣ ಇದ್ಲು, ನಾ ಇದ್ದಂಗ ತಗದೆ. ನನಗ ಭಾಳ ಖುಷಿ ಆಗಿತ್ತು ಆ ಫೋಟೊ ನೋಡಿ. ಅಂವ ಬಂದು ನೋಡಿ, ಫೋಟೊ ನನ್ನ ಎದಿಗೆ ಒಗದ. "ನಮ್ಮ ಹುಡಿಗೀನ ನಿಮ್ಮ ಮಂದಿ ಹಂಗ ಮಾಡಿ ಕೊಟ್ಟೀಯಲ್ಲೋ" ಅಂದ. ಬಜಾರಿನ ಮಂದಿ ಎಲ್ಲಾ ನಿಂತು ನೋಡಿದ್ರು. ಅವತ್ತಿಂದ ನನ್ನ ಅಂಗಡಿಗೆ ಬಂದ ಯಾವ ಮುಖಾನೂ ನಾ ಇದ್ದಂಗ ಬಿಟ್ಟಿಲ್ಲ. ನಿನ್ನ ಮುಖ ಬಿಡ್ತೀನೇನು? ನಿನಗ ಯಾರೂ ಹಂಗ ಅನಬಾರದು ಅಂತ ಬಿಳಿ ಬಡದೆ. ಕಡೀಗೆ ಅನಿಸಿದಾಂವ ನಾನ ಆದೆ.

ಮಾನ್ವಿಯವರ ಮುಂದ ನಕ್ಕದ್ದು ತಪ್ಪಾತು.

ಸೆಟ್ಟಿಂಗ್ ತಗದೀನಿ. ಈಗ ಹೊಸಾ ಪಜೀತಿ. ಇದ್ದಂಗ ಅಂದ್ರ ಎಷ್ಟು ಅಂತ ನನಗ ಗೊತ್ತಾಗವಲ್ದು. ನಿನ್ನ ಎಮ್ಮಿ ತಗದ್ರ ಕರಿ ಗುಂಡಿ ಕಂಡಂಗ ಕಾಣ್ತೈತಿ. ಅದು ಖರೇನ ಅಷ್ಟು ಕರ್ರಗ ಇತ್ತೇನು?

ಅಂಬಪ್ಪ


ಸಿಂಧನೂರು
22 ಜನವರಿ 2025

ಅಪ್ಪಗ,

ಆ ಸಾವುಕಾರನ ಹೆಸರು ಬರೀಲಿಲ್ಲ ನೀ. ಛಲೋ ಮಾಡಿದಿ. ಗೊತ್ತಾಗಿದ್ರ ರಜಾ ಹಾಕಿ ಲಿಂಗಸುಗೂರಿಗೆ ಬರ್ತಿದ್ದೆ, ಅವನ ಮನಿ ಮುಂದ ನಿಂತು ಒದರತಿದ್ದೆ.

ಮೂವತ್ತು ವರ್ಷ ಇದನ್ನ ಹೊಟ್ಟ್ಯಾಗ ಇಟ್ಟುಕೊಂಡು ಕುಂತೀಯಲ್ಲ, ನಿನಗ ಏನನಬೇಕು? ನಾ ಅತ್ತಿದ್ದು ನಿನ್ನ ಮ್ಯಾಲೆ ಸಿಟ್ಟಿಗೆ. ಈಗ ನಿನ್ನ ಸಲುವಾಗಿ ಅಳು ಬರಾಕತ್ತೈತಿ, ಅದಕ್ಕೂ ನಿನ್ನ ಮ್ಯಾಲೆ ಸಿಟ್ಟು ಬರ್ತೈತಿ. ಒಬ್ಬ ಮೂರ್ಖ ಒಂದು ಮಾತು ಅಂದ. ಅದಕ್ಕ ನೀ ಇಡೀ ತಾಲೂಕಿಗೆ ಸುಣ್ಣ ಬಡದಿ.

ಎಮ್ಮಿ ಅಷ್ಟು ಕರ್ರಗ ಇತ್ತೇನು ಅಂತ ನನಗ ಕೇಳ್ತಿ. ನಾ ಹೌದು ಅಂದ್ರ ನಂಬತೀಯೇನು? ಹೋಗಿ ನೋಡು. ಕ್ಯಾಂಪ್ ದಾಟಿದ ಮ್ಯಾಲೆ ಕಾಲುವಿ ಸೇತುವಿ ಬರ್ತೈತಿ, ಅಲ್ಲಿಂದ ಎಡಕ್ಕ ಬದುವಿನ ಮ್ಯಾಲೆ ಹೋಗಬೇಕು. ಮುಂಜಾಲೆ ಆರೂವರಿಗೆ ಅಲ್ಲಿರಬೇಕು, ಒಂಬತ್ತಕ್ಕ ಎದ್ದು ಹೋದ್ರ ಬರೇ ಬಿಸಿಲು ಸಿಗ್ತೈತಿ. ಈಗ ಎರಡನೇ ಬೆಳಿಗೆ ಸಸಿ ಹಚ್ಚಾಕತ್ತಾರ, ಗದ್ದಿ ತುಂಬಾ ನೀರು ಐತಿ. ಅಂಗಡಿ ಬಿಟ್ಟು ಬರೋದು ನಿನ್ನಿಂದ ಆಗೋ ಮಾತಲ್ಲ, ಗೊತ್ತೈತಿ. ಆದ್ರೂ ಬರದೀನಿ.

ರಾಯಚೂರಿಗೆ ಇನ್ನೂ ಕೊಟ್ಟಿಲ್ಲ. ಫೆಬ್ರುವರಿ ಹನ್ನೆರಡರತನ ಹಾದಿ ನೋಡ್ತೀನಿ.

ಪಂಪಾವತಿ


ಲಿಂಗಸುಗೂರು
10 ಫೆಬ್ರುವರಿ 2025

ಪಂಪವ್ವಗ,

ಹೋಗಿದ್ದೆ.

ಹ್ವಾದ ರವಿವಾರದ ಹಿಂದಿನ ರವಿವಾರ, ಎರಡನೇ ತಾರೀಖು. ನಿಮ್ಮವ್ವಗೂ ಹೇಳಲಿಲ್ಲ, ಮದುವಿ ಆರ್ಡರ್ ಐತಿ ಅಂದೆ. ನಸುಕಿನ್ಯಾಗ ಗಾಡಿ ತಗೊಂಡು ಬಿಟ್ಟೆ. ಮಸ್ಕಿ ದಾಟೂತನ ಕೈ ಮರಗಟ್ಟಿ ಹೋದ್ವು. ಕ್ಯಾಂಪಿನ್ಯಾಗ ಚಹಾದ ಅಂಗಡಿ ಬಂಗಾಲಿ ಮುದುಕಪ್ಪ "ಯಾರ ಮನಿಗೆ" ಅಂದ. ಎಮ್ಮಿ ನೋಡಾಕ ಬಂದೀನಿ ಅಂದೆ. "ಹಾಲಿಂದೋ, ಗಬ್ಬ ಇದ್ದದ್ದೋ" ಅಂತ ಕೇಳಿದ. ಬಣ್ಣ ನೋಡಾಕ ಅಂದ್ರ ಹುಚ್ಚ ಅಂತಾನ ಅಂತ ಹಾಲಿಂದು ಅಂದೆ. ನೀ ಹೇಳಿದ ಬದು ಬದು ಅಲ್ಲ, ಬೆಣ್ಣಿ. ಎರಡು ಸಲ ಜಾರಿದೆ. ಎಡಗಾಲಿನ ಚಪ್ಪಲಿ ಕೆಸರು ನುಂಗಿತು, ಕೈ ಹಾಕಿ ಹುಡುಕಿದ್ರೂ ಸಿಗಲಿಲ್ಲ. ಈ ವಯಸ್ಸಿನ್ಯಾಗ ಇದೆಲ್ಲಾ ಬೇಕಿತ್ತೇನು ಅಂತ ನಿನ್ನ ಬೈಕೋಂತ ನಿಂತಿದ್ದೆ.

ಆಮ್ಯಾಲೆ ಬೆಳಕು ಹರೀತು.

ಪಂಪಾ, ನಾ ಬೆಳಕಿನ ಧಂದೆ ಮಾಡಿದಾಂವ. ಛತ್ರಿ ಹಿಡದು, ಬಲ್ಬು ಹಚ್ಚಿ, ಎಲ್ಲಿ ಬೇಕೋ ಅಲ್ಲಿ ಬೆಳಕು ಬೀಳಿಸಿದಾಂವ. ಅವತ್ತ ನಾ ಏನೂ ಹಚ್ಚಲಿಲ್ಲ. ಅದು ತಾನ ಬಂತು. ಮೊದಲು ನೀರಿಗೆ ಬಂತು, ಆಮ್ಯಾಲೆ ಸಸಿ ತುದಿಗೆ, ಆಮ್ಯಾಲೆ ಎರಿ ಕೆಸರಿಗೆ. ಎಮ್ಮಿ ನಾಕು ಬಂದ್ವು, ನೀರಿಗೆ ಇಳದು ಎದ್ವು. ಕರಿ ಅಂದ್ರ ಒಂದ ಬಣ್ಣ ಅಂತ ತಿಳಿದಿದ್ದೆ. ಬೆನ್ನಿನ ಮ್ಯಾಲಿನ ಕರಿ ಬ್ಯಾರೆ, ಹೊಟ್ಟಿ ಕೆಳಗಿನ ಕರಿ ಬ್ಯಾರೆ, ಕೋಡಿನ ಬುಡದ ಕರಿ ಬ್ಯಾರೆ. ಬಿಳಿ ಹಾಕಿದ್ರ ಅವೆಲ್ಲಾ ಸಾಯ್ತಾವ. ಮೂವತ್ತು ವರ್ಷ ಎಷ್ಟು ಮುಖ ಹಂಗ ಸಾಯಿಸೀನೋ. ಬುದ್ಧ ವಂದನಾದಾಗ ಮುಗದಂಗ ಕೈ ತಾವ ಕೂಡಿದ್ವು. ಯಾರಿಗೆ ಮುಗದೆ ಅಂತ ಕೇಳಿದ್ರ ಹೇಳಾಕ ಬರಾಂಗಿಲ್ಲ.

ನೀನೂ ಬಂದಿದ್ದಿ. ಸೇತುವಿ ಆಚೆ ಕಡಿ ಗದ್ದ್ಯಾಗ ಇದ್ದಿ. ಮೊದಲು ಸಸಿ ಹಚ್ಚಾಕ ಬಂದಾಕಿ ಯಾರೋ ಅಂತ ತಿಳಿದೆ. ಮೊಣಕಾಲತನ ಕೆಸರಿನ್ಯಾಗ ನಿಂತು, ಕ್ಯಾಮೆರಾ ಕಣ್ಣಿಗೆ ಹಿಡದು, ಉಸಿರು ಬಿಡಲಾರ್ದ ಒಂದು ಹಕ್ಕಿ ನೋಡಾಕತ್ತಿದ್ದಿ. ಕರದ್ರ ಹಕ್ಕಿ ಹಾರ್ತೈತಿ ಅಂತ ಕರೀಲಿಲ್ಲ. ನನ್ನ ಹತ್ರಾನೂ ಕ್ಯಾಮೆರಾ ಇತ್ತು. ಒಂದು ಹೊಡದೆ. ಹೊಡದು ಸುಮ್ಮನ ತಿರುಗಿ ಬಂದೆ, ಬರಿಗಾಲಿಲೆ.

ಹನ್ನೆರಡು ಪ್ರಿಂಟ್ ಇಟ್ಟೀನಿ. ಒಂದೊಂದ ನೋಡಿ, ನೆನಪು ಮಾಡಿಕೊಂಡು, ಒಂದೊಂದ ಹೊಡದೀನಿ. ಅದಕ್ಕ ಎಂಟು ದಿನ ಹಿಡೀತು. ಹದಿಮೂರನೇದು ನೀನು. ಅದರಾಗ ನಾ ಏನೂ ಮುಟ್ಟಿಲ್ಲ. ಆಣಿ ಮಾಡಾಂಗಿಲ್ಲ, ನೀನ ನೋಡಿ ಹೇಳು.

ಅಪ್ಪ


ಸಿಂಧನೂರು
17 ಫೆಬ್ರುವರಿ 2025

ಅಪ್ಪಗ,

ಪ್ರದರ್ಶನ ನಿನ್ನೆ ಮುಗೀತು. ನೀ ಬರಲಿಲ್ಲ. ಮದುವಿ ಆರ್ಡರ್ ಇತ್ತು ಅಂತ ಅವ್ವ ಫೋನ್ ಮಾಡಿದ್ಲು. ಖರೇ ಆರ್ಡರ್ರೋ, ಹಾಲಿನ ಎಮ್ಮಿ ಆರ್ಡರ್ರೋ, ದೇವರಿಗೇ ಗೊತ್ತು. ನನಗ ಸಾಕಾಗೇತಿ ನಿನ್ನ ಕೂಡ.

ಎಮ್ಮಿ ಕರ್ರಗ ಬಂದೈತಿ. ನಾ ನೋಡಿದ್ದಕ್ಕಿಂತ ಛಲೋ ಬಂದೈತಿ, ಇದು ಹ್ಯಾಂಗ ಮಾಡಿದಿ ಅಂತ ಮುಂದ ನನಗ ಕಲಿಸಬೇಕು. ಮಂದಿ ಅದರ ಮುಂದ ನಿಂತು ನೋಡಿದ್ರು. ಮೆಷಿನ್ ಕೆಟ್ಟೈತಿ ಅಂತ ಒಬ್ಬರೂ ಅನಲಿಲ್ಲ.

ಈಗ ನಿನ್ನ ಹದಿಮೂರನೇದರ ಮಾತು. ಅಲ್ಲಪ್ಪ, ಮೂವತ್ತು ವರ್ಷ ಸ್ಟುಡಿಯೊ ಇಟ್ಟಾಂವ ನೀನು. ನೀರಿನ ಗೆರಿ ಓರೆ ಐತಿ. ಬಲಗಡಿ ಇಡೀ ಗದ್ದಿ ಇಳಿಜಾರಿಗೆ ಹೊಂಟೈತಿ, ಇನ್ನೊಂದೀಟು ಆದ್ರ ನಾ ಉರುಳಿ ಬೀಳ್ತಿದ್ದೆ. ಹಕ್ಕಿ ಅರ್ಧ ಕತ್ತರಿಸಿ ಹೋಗೇತಿ. ಮ್ಯಾಲೆ ತಂತಿ ಬಂದಾವ, ಒಂದಲ್ಲ, ಮೂರು. ಚಪ್ಪಲಿ ಹುಡಕೋ ಹೊತ್ತಿನ್ಯಾಗ ಹೊಡದೀಯೇನು?

ಕಹಕಶಾ ಮೇಡಂ ನೋಡಿ "ಇದು ನಿನ್ನ ಕೈದಲ್ಲ, ಯಾರು ತಗದಾರ" ಅಂದ್ರು. ಗೆರಿ ಸರಿ ಮಾಡಿ ಕೊಡಲೇನು, ಎರಡು ನಿಮಿಷದ ಕೆಲಸ ಅಂತಾನೂ ಅಂದ್ರು. ಬ್ಯಾಡ್ರಿ, ಹಂಗ ಇರಲಿ ಅಂದೆ. ಬಾಗಲಾ ತೆಗದ ಕೂಡ್ಲೆ ಕಾಣೋ ಗ್ವಾಡಿಗೆ ಅದನ್ನ ಹಚ್ಚಿದೆ. ಕೆಳಗ ನಿನ್ನ ಹೆಸರು ಬರದೆ.

ಸಂಜೀಕ ಎಲ್ಲಾರೂ ಹೋದ ಮ್ಯಾಲೆ ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂತಿದ್ದೆ. ಭಾಳ ಹೊತ್ತು ಕುಂತೆ.

ಅಪ್ಪ, ನಾ ಚಂದ ಅದೀನಿ.

ನಿನ್ನ
ಪಂಪಾ